ನಾನು ಅಡಗಿಸಿದ ‘ಬೊಡ್ಚಿ’

ಮಾತು ಬಾರದ ಮಕ್ಕಳಿಗೆ ತರಬೇತಿ ಕೊಡುವುದು ನನ್ನ ಕೆಲಸ. ವಾರದಲ್ಲಿ ಮೂರು ದಿನ ಬಂಟ್ವಾಳ, ಒಂದು ದಿನ ಬೆಳ್ತಂಗಡಿ, ಒಂದು ದಿನ ಮೂಡುಬಿದಿರೆ. ಬಂಟ್ವಾಳಕ್ಕೆ ವಾಮದಪದವಿನಿಂದ ಏಳು ವರ್ಷದ ಹುಡುಗಿಯೊಬ್ಬಳು ತಾಯಿಯ ಜೊತೆ ಬರುತ್ತಿದ್ದಳು. ಅವಳಿಗೆ ಕೇಳಿಸುತ್ತದೆ, ಅರ್ಥವಾಗುತ್ತದೆ, ಬಾಯಿಂದ ಮಾತು ಮಾತ್ರ ಹೊರಡುವುದಿಲ್ಲ. ಅವಳಿಗಾಗಿ ಟ್ಯಾಬ್‌ನಲ್ಲಿ ಒಂದು ತಂತ್ರಾಂಶ ಹಾಕಿಕೊಟ್ಟಿದ್ದೆ. ಚಿತ್ರ ಒತ್ತಿದರೆ ಟ್ಯಾಬ್ ಆ ಮಾತನ್ನು ಹೇಳುತ್ತದೆ. ಅದರಲ್ಲಿದ್ದದ್ದು ಕನ್ನಡದ ದನಿ, ಅವರ ಮನೆಯಲ್ಲಿ ತುಳು. ಹಾಗಾಗಿ ಮುಖ್ಯವಾದ ಮಾತುಗಳನ್ನು ತಾಯಿಯಿಂದಲೇ ಹೇಳಿಸಿ ರೆಕಾರ್ಡ್ ಮಾಡಿಕೊಂಡೆವು. ‘ಬೋಡು’ ಎಂದರೆ ಬೇಕು, ‘ಬೊಡ್ಚಿ’ ಎಂದರೆ ಬೇಡ.

ಹುಡುಗಿ ಮೊದಲು ಹಿಡಿದುಕೊಂಡದ್ದು ಬೊಡ್ಚಿಯನ್ನು. ನಾನು ಕಾರ್ಡು ತೆಗೆದರೆ ಬೊಡ್ಚಿ, ಪದ್ಯ ಹೇಳಿದರೆ ಬೊಡ್ಚಿ.

“ಇಷ್ಟರವರೆಗೆ ಬೇಡದ್ದಕ್ಕೆಲ್ಲ ತಲೆಯನ್ನು ಗೋಡೆಗೆ ಹೊಡ್ಕೊಳ್ತಿದ್ದಳು ಟೀಚರ್. ಈಗ ಇಲ್ಲ,” ಎಂದು ತಾಯಿ ನಗುತ್ತಿದ್ದರು. ನನಗೂ ಸಂತೋಷವೇ ಇತ್ತು, ಅತಿಥಿಗಳು ಬರುವವರೆಗೆ.

ಟ್ಯಾಬ್‌ಗಳನ್ನು ದಾನ ಕೊಟ್ಟವರು ಮೂಡುಬಿದಿರೆಗೆ ಬಂದು ನೋಡುತ್ತೇವೆಂದರು. ತೋರಿಸಲು ನಾನು ಈ ಹುಡುಗಿಯನ್ನು ಆರಿಸಿ, ತಾಯಿಯ ಜೊತೆ ಅಲ್ಲಿಗೆ ಬರಹೇಳಿದೆ. ಅವರೆದುರು ಬರೀ ಬೊಡ್ಚಿ ಒತ್ತಿದರೆ ನನ್ನ ಕೆಲಸದ ಬಗ್ಗೆ ಏನೆಂದುಕೊಂಡಾರು ಎಂಬ ಚಿಂತೆ. ಅಂದು ಬೆಳಿಗ್ಗೆ ಚಾರ್ಜಿಗೆ ಇಡುವ ನೆಪದಲ್ಲಿ ಟ್ಯಾಬ್ ತೆಗೆದುಕೊಂಡು ಆ ಚಿತ್ರವನ್ನು ಪರದೆಯಿಂದ ಅಡಗಿಸಿದೆ. ಸಂಜೆ ಮತ್ತೆ ಹಾಕಿದರಾಯಿತು ಎಂದುಕೊಂಡೆ.

ಅವಳು ‘ನಮಸ್ಕಾರ’ ಒತ್ತಿದಳು. ಚಪ್ಪಾಳೆ. ಒಬ್ಬರು ಮೊಬೈಲ್ ಹಿಡಿದು, “ಇನ್ನೊಮ್ಮೆ ಮಾಡ್ಸಿ, ವಿಡಿಯೋ ಸರಿ ಬರ್ಲಿಲ್ಲ,” ಎಂದರು. ಮಾಡಿಸಿದೆ. ಮೂರನೆಯ ಸಲ ಹೇಳಿದಾಗ ಅವಳ ಬೆರಳು ಪರದೆಯ ಮೂಲೆಯ ಖಾಲಿ ಜಾಗಕ್ಕೆ ಹೋಯಿತು. ಒತ್ತಿದಳು. ಇನ್ನೂ ಗಟ್ಟಿಯಾಗಿ ಒತ್ತಿದಳು. ನನ್ನ ಮುಖ ನೋಡಿದಳು. ಆಮೇಲೆ ನಾನು ಕೈ ಅಡ್ಡ ಇಡುವಷ್ಟರಲ್ಲಿ ಎರಡು ಸಲ ಹಣೆಯನ್ನು ಮೇಜಿಗೆ ಹೊಡೆದುಕೊಂಡಳು.

“ಅವಳಿಗೆ ಸುಸ್ತಾಗಿದೆ,” ಎಂದು ಅತಿಥಿಗಳಿಗೆ ಹೇಳಿದೆ.

ಹೊರಗೆ ಜಗಲಿಯಲ್ಲಿ ತಾಯಿ ಮಗಳ ಹಣೆ ತಿಕ್ಕುತ್ತಾ ಟ್ಯಾಬ್ ನೋಡಿದರು. “ಟೀಚರ್, ಇದರಲ್ಲಿ ಬೊಡ್ಚಿ ಎಲ್ಲುಂಟು?”

“ಅಪ್‌ಡೇಟ್ ಆಗುವಾಗ ಹೋಗಿರ್ಬೇಕು.”

“ಹೌದಾ? ಹಾಗಾದ್ರೆ ಇನ್ನೊಮ್ಮೆ ಹೇಳ್ತೇನೆ, ಈಗಲೇ ಹಾಕಿ ಕೊಡಿ.”

ಹಳೆಯದನ್ನು ಅಲ್ಲಿಯೇ ಮರಳಿ ತರಬಹುದಿತ್ತು. ತಂದರೆ ಸುಳ್ಳು ಬಯಲಾಗುತ್ತಿತ್ತು. ನಾನು ರೆಕಾರ್ಡ್ ಒತ್ತಿ ಹಿಡಿದೆ. ಅವರು ಗಂಟಲು ಸರಿಮಾಡಿಕೊಂಡು, ಟ್ಯಾಬ್‌ಗೆ ಬಗ್ಗಿ, ಸಮಾಧಾನವಾಗದೆ ಮೂರು ಸಲ ಹೇಳಿದರು. “ಈಗ ಸರಿ ಬಂತಾ ಟೀಚರ್?” ಬಂತು ಎಂದೆ. ಅಂದಿನಿಂದ ಇಂದಿನವರೆಗೆ ಆ ಪ್ರಶ್ನೆ ನೆನಪಾದಾಗಲೆಲ್ಲ ನಾನು ಒಬ್ಬಳೇ ಇದ್ದರೂ ತಲೆ ತಗ್ಗಿಸುತ್ತೇನೆ.

ಎರಡು ತಿಂಗಳ ನಂತರ, ತಂದೆತಾಯಂದಿರೇ ಚಿತ್ರ ಸೇರಿಸಲು ಕಲಿಯಲಿ ಎಂದು ಬೆಳ್ತಂಗಡಿಯಲ್ಲಿ ಒಂದು ತರಗತಿ ಇಟ್ಟೆ. ಸೇರಿಸುವುದು, ಅಳಿಸುವುದು, ಅಡಗಿಸುವುದು, ಎಲ್ಲವನ್ನೂ ನಾನೇ ಹೇಳಿಕೊಟ್ಟೆ. ಆ ತಾಯಿ ಅಡಗಿಸಿದ ಚಿತ್ರಗಳ ಪಟ್ಟಿ ತೆರೆದರು. ಅಲ್ಲಿದ್ದದ್ದು ಒಂದೇ ಚಿತ್ರ. ಅದನ್ನು ಅಳಿಸಲು ನನಗೆ ಮರೆತೇಹೋಗಿತ್ತು. ಒತ್ತಿದರು. ಅವರದೇ ಹಳೆಯ ದನಿ ಎಲ್ಲರಿಗೂ ಕೇಳಿಸಿತು. ಅವರು ನನ್ನನ್ನು ನೋಡಿದರು.

ಎಲ್ಲರೂ ಹೋದ ಮೇಲೆ ಹೇಳಿದೆ: “ಅಪ್‌ಡೇಟ್ ಅಲ್ಲ, ನಾನೇ ತೆಗೆದದ್ದು. ಬಂದವರೆದುರು ನನ್ನ ಮರ್ಯಾದೆ ಹೋಗ್ತದೆ ಅಂತ. ತಪ್ಪಾಯ್ತು.”

“ನನಗೆ ಹೇಳುವುದೆಂತ ಟೀಚರ್? ತಲೆ ಹೊಡ್ಕೊಂಡದ್ದು ಅವಳಲ್ವಾ?”

ಬಾಗಿಲಲ್ಲಿ ಕೂತು ಚಪ್ಪಲಿ ಹಾಕಿಕೊಳ್ಳುತ್ತಿದ್ದ ಹುಡುಗಿಯ ಎದುರು ಕುಕ್ಕರಗಾಲಲ್ಲಿ ಕೂತು, ಅವಳ ಭಾಷೆಯಲ್ಲೇ ತಪ್ಪೊಪ್ಪಿಕೊಂಡೆ. ಅವಳು ತಲೆ ಎತ್ತಲಿಲ್ಲ. ಎಷ್ಟು ಅರ್ಥವಾಯಿತೋ ಗೊತ್ತಿಲ್ಲ.

ಅವರು ಈಗಲೂ ಬರುತ್ತಾರೆ. ಕ್ಷಮಿಸಿದ್ದಾರೆಂದು ನಾನು ತಿಳಿದುಕೊಂಡಿಲ್ಲ. ಈ ಕೆಲಸ ಗೊತ್ತಿರುವವರು ಹತ್ತಿರದಲ್ಲಿ ಬೇರೆ ಇಲ್ಲ, ಅಷ್ಟೆ. ತಾಯಿ ಟ್ಯಾಬ್‌ಗೆ ತಮ್ಮದೇ ಪಾಸ್‌ವರ್ಡ್ ಹಾಕಿದ್ದಾರೆ. ಏನಾದರೂ ಬದಲಿಸಬೇಕಾದರೆ ನಾನು ಕೇಳುತ್ತೇನೆ. ಅವರು ಆಚೆ ತಿರುಗಿ ತೆರೆದು ಕೊಡುತ್ತಾರೆ, ಮುಗಿಯುವವರೆಗೆ ಪಕ್ಕದಲ್ಲೇ ನಿಂತಿರುತ್ತಾರೆ.