ಪ್ಯಾರೇಜಾನ್ ನಂಬಿದ ದೀಪ

ಕುಮಾರಸ್ವಾಮಿ ಲೇಔಟಿನ ನಮ್ಮ ಮನೆ ಮುಂದಿನ ಮಳಿಗೆಯಲ್ಲಿ ಸೈಕಲ್ ಶಾಪ್ ಇಟ್ಟಿದ್ದ ಪ್ಯಾರೇಜಾನ್‌ಗೆ ವಾಚಿತ್ತು. ನಂಬಿಕೆ ಮಾತ್ರ ನಮ್ಮಮ್ಮ ಮುನಿವೆಂಕಟಮ್ಮನ ಮೇಲೆ.

ತೊಂಬತ್ತೈದರಲ್ಲಿ ಅವನು ಬಂದಾಗ ಅಜಾನ್ ಕೇಳಿಸುವಷ್ಟು ಹತ್ತಿರ ಮಸೀದಿ ಇರಲಿಲ್ಲ. ಹೆಂಡತಿ ಮಕ್ಕಳು ಚನ್ನಪಟ್ಟಣದಲ್ಲಿ. ರಂಜಾನ್ ಸಂಜೆಗಳಲ್ಲಿ ಗ್ರೀಸ್ ತೊಳೆದ ಕೈಯಲ್ಲಿ ಟೈಮ್‌ಟೇಬಲ್ ಕಾರ್ಡ್ ಹಿಡಿದು, ರೋಜಾ ಉಪವಾಸ ಬಿಡಲು ಒಬ್ಬನೇ ಕೂರುತ್ತಿದ್ದ. ಅಮ್ಮ ಹೊಸ್ತಿಲಿಗೆ ದೀಪ ಇಡುತ್ತಿದ್ದದ್ದೂ ಅದೇ ಹೊತ್ತಿಗೆ. ರಾಗಿ ಹೊಲದಲ್ಲಿ ಹೊತ್ತು ನೋಡಿ ಬೆಳೆದವಳು. ಹೊಲ ಹೋಗಿ ಸೈಟುಗಳಾದರೂ ಕಣ್ಣು ಹೋಗಿರಲಿಲ್ಲ. ಒಂದು ವಾರ ದೀಪವನ್ನು ಕಾರ್ಡಿಗೆ ತಾಳೆ ಹಾಕಿ ನೋಡಿದ ಪ್ಯಾರೇಜಾನ್, ಕಾರ್ಡನ್ನೇ ಎತ್ತಿಟ್ಟ. ಆಮೇಲೆ ಪ್ರತಿ ರಂಜಾನಿನಲ್ಲೂ ಅಮ್ಮ ದೀಪ ಹಚ್ಚುವುದು, ಅವನು ಒಂದು ಖರ್ಜೂರ ಬಾಯಿಗೆ ಹಾಕಿಕೊಂಡು ಇನ್ನೊಂದನ್ನು ಅಮ್ಮನಿಗೆ ಕೊಡುವುದು. ಮನೆಯಲ್ಲಿ ಓದಿದವನು ನಾನೊಬ್ಬನೇ. ನನ್ನನ್ನು ಯಾರೂ ಟೈಮ್ ಕೇಳಲಿಲ್ಲ.

ಎರಡು ಸಾವಿರದ ಒಂದರ ನವೆಂಬರ್. ಮೂರು ದಿನದಿಂದ ಜಡಿಮಳೆ, ಸೂರ್ಯನ ಸುಳಿವಿಲ್ಲ. ನಾನು ಬಸ್ಸಿಳಿದು ಬಂದೆ. ಹೊಸ್ತಿಲಲ್ಲಿ ದೀಪ ಉರಿಯುತ್ತಿತ್ತು, ಪ್ಯಾರೇಜಾನ್ ಖರ್ಜೂರ ಅಗಿಯುತ್ತಿದ್ದ.

"ಏನಪ್ಪಾ, ಇನ್ನೂ ಹತ್ತು ನಿಮಿಷ ಇದ್ಯಲ್ಲ?" ಅಂದೆ. ಬೇಡದ ಹೊತ್ತಲ್ಲಿ ನಿಜ ಹೇಳುವುದು ನನಗೆ ಹುಟ್ಟಿನಿಂದ ಬಂದ ವಿದ್ಯೆ.

ಅವನ ದವಡೆ ನಿಂತಿತು. ಹೊಸ್ತಿಲಲ್ಲಿ ಅಮ್ಮನ ಮುಖ ಬಾಡಿಹೋಯಿತು.

"ಮೋಡ ಅಲ್ವಾ ಅಮ್ಮ," ಅಂದ ಪ್ಯಾರೇಜಾನ್. "ಹಬ್ಬ ಆದ್ಮೇಲೆ ಇದರ ಬದ್ಲು ಒಂದು ರೋಜಾ ಇಡ್ತೀನಿ. ಅಷ್ಟೇ."

ಹಬ್ಬ ಕಳೆದು ಅವನು ಆ ರೋಜಾ ಇಟ್ಟ ದಿನ ಅಮ್ಮನೂ ತಟ್ಟೆ ಮುಟ್ಟಲಿಲ್ಲ.

"ವಯಸ್ಸಾಯ್ತು, ನಿಮಗ್ಯಾಕಮ್ಮ ಇದು?"

"ತಪ್ಪು ನಂದು, ಹಸ್ಕೊಳ್ಳೋದು ನೀನೊಬ್ನೇನಾ?"

ಹನ್ನೊಂದು ಗಂಟೆಗೆ ಮಾತ್ರ ಮೆಲ್ಲಗೆ ಕೇಳಿದಳು: "ಕಾಫಿ ಲೆಕ್ಕಕ್ಕಿಲ್ಲ ಅಲ್ವೇನಪ್ಪಾ?"

"ನೀರೂ ಇಲ್ಲಮ್ಮ."

"ಅಯ್ಯೋ ಶಿವನೇ," ಅಂದವಳು ಸಂಜೆವರೆಗೆ ಅವನ ಅಂಗಡಿ ಸ್ಟೂಲಿನ ಮೇಲೇ ಕೂತಿದ್ದಳು. ನಾನು ಒಳಗೆ ಉಪ್ಪಿಟ್ಟು ತಿಂದೆ. ಎರಡು ಸಲ ಹಾಕಿಸಿಕೊಂಡೆ.

ಎರಡು ಸಾವಿರದ ಐದರ ಬೇಸಿಗೆಯಲ್ಲಿ ಅಮ್ಮ ಹೋದಳು. ಹೆಂಡತಿ ಶೃತಿ ಆಫೀಸಿಂದ ಬರುವುದು ಎಂಟಕ್ಕೆ. ನಮ್ಮ ಮನೆ ದೀಪವೂ ಎಂಟಕ್ಕೇ ಉರಿಯತೊಡಗಿತು.

ಆ ಅಕ್ಟೋಬರಿನಲ್ಲಿ ರಂಜಾನ್. ಅಷ್ಟರಲ್ಲಿ ಮಸೀದಿಯೂ ಹತ್ತಿರ ಬಂದಿತ್ತು, ಮೈಕೂ. ಮೊದಲ ಸಂಜೆ ನಾನು ಗೇಟಿನಲ್ಲಿದ್ದೆ. ಅಜಾನ್ ಕೇಳಿಸಿತು, ಮುಗಿಯಿತು. ಪ್ಯಾರೇಜಾನ್ ಖರ್ಜೂರ ಹಿಡಿದುಕೊಂಡೇ ಕೂತಿದ್ದ.

"ಟೈಮಾಯ್ತಲ್ಲ, ತಿನ್ನು."

"ತಿಂತೀನಿ ಸಾರ್. ಕೇಳಿಸ್ತು."

ಕೈ ಮೇಲೇಳಲಿಲ್ಲ. ಕಣ್ಣು ನಮ್ಮ ಹೊಸ್ತಿಲ ಮೇಲಿತ್ತು.

ಒಳಗೆ ಹೋದೆ. ಎಣ್ಣೆ ಸಿಕ್ಕಿತು, ಬತ್ತಿ ಎಲ್ಲಿದೆಯೋ ಗೊತ್ತಿಲ್ಲ. ಹತ್ತಿ ಹೊಸೆದೆ, ಬತ್ತಿಗಿಂತ ಹೆಚ್ಚಾಗಿ ಇಲಿಮರಿಯಂತೆ ಕಂಡಿತು. ನಾಲ್ಕನೇ ಕಡ್ಡಿಗೆ ಹೊತ್ತಿಕೊಂಡಿತು. ತಂದು ಹೊಸ್ತಿಲಲ್ಲಿಟ್ಟೆ.

ಪ್ಯಾರೇಜಾನ್ ಖರ್ಜೂರ ಬಾಯಿಗಿಟ್ಟುಕೊಂಡ.

"ಅಮ್ಮ ಒಂದೇ ಕಡ್ಡೀಲಿ ಹಚ್ಚೋರು ಸಾರ್," ಅಂದ, ಬಹಳ ಹೊತ್ತು ಅಗಿದು. ಪೇಪರಿನಲ್ಲಿ ಇನ್ನೊಂದು ಖರ್ಜೂರವಿತ್ತು. ಅದನ್ನೇ ನೋಡಿಕೊಂಡು ಕೂತ. ಆಮೇಲೆ ನನ್ನತ್ತ ಚಾಚಿದ.

"ನಾಳೆ ಬತ್ತಿ ಮೊದಲೇ ನೆನೆಸಿಡಿ."