ತಾತ್ಯಾಸಾಹೇಬರ ಅಪರೂಪದ ರೂಪಾಯಿ

ಬನಹಟ್ಟಿಯ ನಿವೃತ್ತ ಗುಮಾಸ್ತ ತಾತ್ಯಾಸಾಹೇಬರು ತಮ್ಮನ್ನು ತಾವೇ ನಾಣ್ಯತಜ್ಞರೆಂದು ನೇಮಿಸಿಕೊಂಡಿದ್ದರು. ಅಕ್ಷರಗಳು ಜೋಡಿಯಾಗಿ ಕಾಣುವ ಒಂದು ರೂಪಾಯಿಗಾಗಿ, ಲೋಕಾಪುರದವನೊಬ್ಬನಿಗೆ ಹೆಂಡತಿಯ ಹೊಲಿಗೆ ಯಂತ್ರವನ್ನೇ ಕೊಟ್ಟು ಬಂದರು.

"ಟಂಕಸಾಲಿ ಅಚ್ಚಿನ್ಯಾಗ ತಪ್ಪೈತಿ. ಲಕ್ಷಕ್ಕೊಂದು!"

ಮಗ್ಗದ ಕಾರ್ಖಾನೆಯಲ್ಲಿ ಸೀರೆ ಪರೀಕ್ಷಿಸುವ ಹೆಂಡತಿ ಸುಮನ, ಎಳೆ ಎಣಿಸುವ ಭೂತಗನ್ನಡಿಯಲ್ಲಿ ನಾಣ್ಯ ನೋಡಿದಳು. ಎರಡನೆಯ ಅಕ್ಷರ ಉಬ್ಬಿರಲಿಲ್ಲ. ಮೊದಲನೆಯದರ ಅಂಚೇ ಮೆಟ್ಟಿಲಿನಂತೆ ಚಪ್ಪಟೆಯಾಗಿ ಜಾರಿತ್ತು.

"ನಮೂನಿ ತೂತು ಕೊರೆದ ಡಿಸೈನ್ ಕಾರ್ಡ್ ತಪ್ಪಿದ್ರ ಎಲ್ಲಾ ಸೀರ್ಯಾಗೂ ಎರಡೂ ಗೆರಿ ತುಂಬಿ ಬರತಾವ್ರಿ. ಅಚ್ಚು ತಪ್ಪಿದ್ರೂ ಹಂಗ, ಎರಡೂ ಅಕ್ಷರ ಉಬ್ಬಿರತಾವು. ಇದು ಬರೇ ಮಷಿನ್ ಅಲುಗಿದ್ದು. ನಮ್ಮಲ್ಲಿ ಇಂಥಾದ್ದು ಚಿಂದಿಗೆ ಹೋಗತೈತಿ."

"ಮಗ್ಗದ ಬುದ್ಧಿ ಮಗ್ಗದಾಗ ಇಟ್ಕೋಬೇ!"

"ಆತು. ಇನ್ ನಿಮ್ಮ ಅಂಗಿ ಆ ರೂಪಾಯಿ ಕಡೆನ ಹೊಲಿಸ್ಕೋರಿ."

ತಜ್ಞರು ಈಗಲೂ ಕಟ್ಟೆಯ ಮೇಲೆ ಉಪನ್ಯಾಸ ಕೊಡುತ್ತಾರೆ, ಗುಂಡಿಯ ಜಾಗದಲ್ಲಿ ಪಿನ್ನು ಚುಚ್ಚಿದ ಅಂಗಿ ತೊಟ್ಟು.