ಒಂದೇ ಒಂದು ಬೆಲೆ ಇಳಿದ ದಿನ

ಮಳವಳ್ಳಿ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಅಪ್ಪ ಅವ್ವ ಸಣ್ಣದೊಂದು ಹೋಟೆಲು ನಡೆಸುತ್ತಾರೆ. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಮುದ್ದೆ, ಮಿಕ್ಕ ಹೊತ್ತೆಲ್ಲ ಟೀ. ಗ್ಯಾಸು, ಹಾಲು, ಎಣ್ಣೆ ಒಂದಾದ ಮೇಲೊಂದು ಏರಿದಾಗ ಅಪ್ಪ ಮೊದಲು ಕೆಲಸ ಬಿಡಿಸಿದ್ದು ಲೋಟ ತೊಳೆಯುವ ಹೆಂಗಸನ್ನು. ಆ ಕೆಲಸ ಅವ್ವನ ಪಾಲಿಗೆ ಬಂತು. ಸೋಪಿನ ನೀರಿಗೆ ಅವಳ ಬೆರಳ ಸಂದಿಯೆಲ್ಲ ಬಿರಿದು, ಮುದ್ದೆ ಕಟ್ಟುವಾಗ ಉರಿ ತಡೆಯಲಾರದೆ ತುಟಿ ಕಚ್ಚಿಕೊಳ್ಳುತ್ತಿದ್ದಳು. ಟೀಗೆ ಎರಡು ರೂಪಾಯಿ ಏರಿಸಿ ಆ ಹೆಂಗಸನ್ನು ವಾಪಸು ಕರೆಸೋಣ ಎಂದು ತಿಂಗಳುಗಟ್ಟಲೆ ಹೇಳಿ, ಕೊನೆಗೆ ಅಪ್ಪನನ್ನು ಒಪ್ಪಿಸಿದಳು. ಅಪ್ಪ ಬಾಗಿಲ ಪಕ್ಕದ ಕರಿಹಲಗೆಯಲ್ಲಿ ಹತ್ತನ್ನು ಅಳಿಸಿ ಹನ್ನೆರಡು ಎಂದು ಬರೆದ.

ಅದೇ ವಾರ ಬೆಲೆ ಏರಿಕೆ ವಿರುದ್ಧ ತಾಲ್ಲೂಕು ಕಚೇರಿಗೆ ಮೆರವಣಿಗೆ. ನಮ್ಮಪ್ಪ ಅಂಥದ್ದನ್ನು ತಪ್ಪಿಸಿಕೊಳ್ಳುವ ಆಸಾಮಿಯಲ್ಲ. ಒಲೆಯನ್ನು ಅವ್ವನಿಗೆ ಒಪ್ಪಿಸಿ, ಖಾಲಿ ಸಿಲಿಂಡರಿಗೆ ಚೆಂಡುಹೂವಿನ ಹಾರ ಹಾಕಿ, ಹೆಗಲ ಮೇಲೆ ಹೊತ್ತು ಎಲ್ಲರಿಗಿಂತ ಮುಂದೆ ನಡೆದ. ಮಂಡ್ಯದ ಕಾಲೇಜಿನಲ್ಲಿ ಪಾಠ ಹೇಳುವ ನಾನು ಅವತ್ತು ರಜೆ ಹಾಕಿ ಬಂದಿದ್ದೆ, ಗಲ್ಲಾದಲ್ಲಿ ಕೂತೆ.

ತಹಸೀಲ್ದಾರರು ಮಂಡ್ಯಕ್ಕೆ ಮೀಟಿಂಗಿಗೆ ಹೋಗಿದ್ದರಂತೆ. ಯಾರೋ ಗುಮಾಸ್ತರು ಬಂದು ಮನವಿ ಇಸಕೊಂಡು ಒಳಗೆ ಹೋದರಂತೆ. ಬೈಯಲು ತಯಾರಾಗಿ ಹೋದವರಿಗೆ ಬೈಸಿಕೊಳ್ಳುವವರೇ ಸಿಗಲಿಲ್ಲ. ಗಂಟಲು ಒಣಗಿಸಿಕೊಂಡು ಅಷ್ಟೂ ಜನ ಟೀಗೆಂದು ನಮ್ಮ ಹೋಟೆಲಿಗೆ ಬಂದರು. ಮೆರವಣಿಗೆ ಹೊರಡಿಸಿದ್ದ ಮುಖಂಡರೊಬ್ಬರ ಕಣ್ಣು ಹಲಗೆಯ ಮೇಲೆ ಬಿತ್ತು.

“ನಮ್ಮೋರೇ ಇಂಗ್ ಏರಿಸ್ಬುಟ್ರೆ ಸರ್ಕಾರನ ಏನಂತ ಕೇಳನ, ಯೋಳಣ್ಣ,” ಎಂದರು ಅಪ್ಪನಿಗೆ.

ನನಗೆ ಮೈ ಉರಿಯಿತು. ಗ್ಯಾಸಿನ ಬೆಲೆ ಏರಿಸಿದವರನ್ನು ಕೇಳಲಾಗದ್ದನ್ನು ಟೀ ಮಾರುವವನನ್ನು ಕೇಳುತ್ತಿದ್ದೀರಲ್ಲ ಎನ್ನಬೇಕೆನಿಸಿತು, ಅನ್ನಲಿಲ್ಲ. ಅಪ್ಪನಿಗೆ ಹತ್ತು ಜನರೆದುರು ಇಲ್ಲ ಎನ್ನಲು ಬರುವುದಿಲ್ಲ. ಸಿಲಿಂಡರನ್ನು ಕೆಳಗಿಟ್ಟು, ಟವೆಲ್ಲಿನಿಂದ ಹನ್ನೆರಡನ್ನು ಒರೆಸಿ ಮತ್ತೆ ಹತ್ತು ಎಂದು ಬರೆದ. ಚಪ್ಪಾಳೆ ಬಿತ್ತು. ಯಾರೋ ಫೋಟೊ ಹೊಡೆದರು. ಅವತ್ತಿನ ಹೋರಾಟದಿಂದ ಇಡೀ ತಾಲ್ಲೂಕಿನಲ್ಲಿ ಇಳಿದದ್ದು ಅದೊಂದೇ ಬೆಲೆ.

ಒಳಗೆ ಲೋಟ ತೊಳೆಯುತ್ತಿದ್ದ ಅವ್ವ ಚಪ್ಪಾಳೆ ಯಾತಕ್ಕೆಂದು ಕೇಳಿದಳು, ಹೇಳಿದೆ. ಸಂಜೆ ಬಾಗಿಲು ಹಾಕುವಾಗ ಅಪ್ಪನಿಗೆ ಹೇಳಿದಳು: “ಮುಂದ್ಲ ಸರ್ತಿ ಮೆರವಣ್ಗೆಗೆ ನಾನ್ ಓಯ್ತೀನಿ. ನೀನು ಲೋಟ ತೊಳಿ.”

ತಮಾಷೆ ಎಂದುಕೊಂಡೆವು. ಮುಂದಿನ ತಿಂಗಳು ಮತ್ತೆ ಮೆರವಣಿಗೆ ಹೊರಟಾಗ ಅವ್ವ ಒಳ್ಳೆ ಸೀರೆ ಉಟ್ಟು, ಹೆಂಗಸರ ಸಾಲಿನಲ್ಲಿ ಧಿಕ್ಕಾರ ಕೂಗುತ್ತ ಹೋದಳು. ಅದನ್ನು ನೋಡಲೆಂದೇ ನಾನು ರಜೆ ಹಾಕಿದ್ದೆ. ಅಪ್ಪ ಬಚ್ಚಲ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಲೋಟ ತೊಳೆದ.

ಮುಗಿದ ಮೇಲೆ ಜನ ನಮ್ಮಲ್ಲಿಗೇ ಬಂದರು. ಅವ್ವ ಒಳಗೆ ಬರಲಿಲ್ಲ. ಮುಖಂಡರ ಎದುರಿನ ಬೆಂಚಿನಲ್ಲಿ ಕೂತು ಟೀ ಕೇಳಿದಳು. ಅಪ್ಪ ಒದ್ದೆ ಕೈಯಲ್ಲೇ ತಂದುಕೊಟ್ಟ. ನಿಧಾನವಾಗಿ ಕುಡಿದು, ಸೆರಗಿನ ಗಂಟು ಬಿಚ್ಚಿ, ಮೇಜಿನ ಮೇಲೆ ಹನ್ನೆರಡು ರೂಪಾಯಿ ಇಟ್ಟಳು. ಪಕ್ಕದಲ್ಲೇ ಬಿರಿದ ಕೈಯನ್ನೂ ಚಾಚಿದಳು.

“ಈ ಕೈಗೋಸ್ಕರ ಯಾರಿಗ್ ಮನವಿ ಕೊಡ್ಲಿ, ಯೋಳಪ್ಪ,” ಎಂದು ಮುಖಂಡರನ್ನು ಕೇಳಿದಳು.

ಅವರು ಜೇಬಿನಿಂದ ಹತ್ತರ ನೋಟು ತೆಗೆದರು. ಸ್ವಲ್ಪ ಹೊತ್ತಿಗೆ ಮತ್ತೆ ಕೈ ಹಾಕಿ ಚಿಲ್ಲರೆ ಹುಡುಕಿದರು. ಅಪ್ಪ ಒದ್ದೆ ಬೆರಳಿನಿಂದಲೇ ಹಲಗೆಯ ಮೇಲಿನ ಹತ್ತನ್ನು ಒರೆಸಿದ. ಮಾರನೆಯ ದಿನ ಲೋಟ ತೊಳೆಯುವ ಹೆಂಗಸಿಗೆ ಹೇಳಿ ಕಳಿಸಿದೆವು.